ಪ್ರಭಾರ ಇರುವೆ

ಮೃಗಾಲಯದಲ್ಲಿ ಯಾವ ಜೀವಿಗೇ ಆಗಲಿ, ಇನ್ನೊಂದು ಜೀವಿಯೊಡನೆ ತುಲನೆ ಮಾಡದೆ ಸವಲತ್ತು ಕೊಡತಕ್ಕದ್ದಲ್ಲ ಎಂಬ ನಿಯಮವಿದೆ. ಆದ್ದರಿಂದ, ಇದ್ದ ಒಂದೇ ಹೀಟರ್ ಕೋಣೆಯನ್ನು ಚಳಿಗಾಲಕ್ಕೆ ಕಾಂಗರೂವಿಗೆ ಕೊಡಿ ಎಂದು ಪಾಲಕಿ ಕೇಳಿದಾಗ ಎದುರಾಳಿಯೊಂದು ಬೇಕಾಯಿತು. ಬೇರೆ ಯಾವ ಪ್ರಾಣಿಯೂ ಅರ್ಜಿ ಹಾಕಿರಲಿಲ್ಲ. ಕೊನೆಗೆ ಪ್ರಯೋಗಾಲಯದ ಗಾಜಿನ ಡಬ್ಬಿಯಲ್ಲಿದ್ದ, ಇರುವೆಯ ತಲೆ ಸೀಳಿ ಬೆಳೆಯುವ ಪರಾವಲಂಬಿ ಶಿಲೀಂಧ್ರವನ್ನು ಕಣಕ್ಕಿಳಿಸಲಾಯಿತು.

ಪಾಲಕಿ ಕಾಂಗರೂವನ್ನು ಕರೆಯುತ್ತಿದ್ದದ್ದು 'ಬಾಣಂತಿ' ಎಂದು. ಹೊಟ್ಟೆಯ ಚೀಲದೊಳಗಿನ ಮರಿಗೆ ಇನ್ನೂ ಮೈಮೇಲೆ ಕೂದಲು ಹುಟ್ಟಿರಲಿಲ್ಲ. ಈ ಚಳಿಗೆ ಅದು ಉಳಿಯುತ್ತದೋ ಇಲ್ಲವೋ ಎಂದು ಅವಳ ಜೀವ ಬಾಯಿಗೆ ಬಂದಿತ್ತು.

ಸಮಿತಿ ಸೇರಿತು.

"ಕಾಂಗರೂ ಕುಪ್ಪಳಿಸುತ್ತೆ. ಚಂಚಲ ಸ್ವಭಾವ," ಎಂದರು ಅಧ್ಯಕ್ಷರು. "ಶಿಲೀಂಧ್ರ?"

"ಕೂತಲ್ಲೇ ಕೂತಿರುತ್ತೆ ಸಾರ್," ಎಂದ ಗುಮಾಸ್ತ.

"ಶಿಸ್ತು. ಅಂಕ ಕೊಡಿ."

"ಕಾಂಗರೂ ಮರೀನ ಹೊಟ್ಟೇಲೇ ಇಟ್ಕೊಂಡು ಸಾಕುತ್ತೆ ಸಾರ್," ಎಂದಳು ಪಾಲಕಿ.

"ಸ್ವಜನ ಪಕ್ಷಪಾತ. ಅಂಕ ಕಳೀರಿ."

"ಶಿಲೀಂಧ್ರ ಆಶ್ರಯ ಕೊಟ್ಟೋರ ತಲೆ ಮೇಲೇ ಹತ್ತಿ ಕೂತು, ತನಗೆ ಬೇಕಾದ ಕಡೆ ನಡೆಸುತ್ತೆ ಸಾರ್," ಎಂದ ಗುಮಾಸ್ತ.

"ಭಲೆ! ಆಡಳಿತ ಸಾಮರ್ಥ್ಯ ಅಂದ್ರೆ ಇದು!" ತಮ್ಮದೇ ಸೇವಾವಧಿ ನೆನಪಾಗಿ ಅಧ್ಯಕ್ಷರ ಕಣ್ಣು ತೇವವಾಯಿತು. ಶಿಲೀಂಧ್ರ ಭಾರಿ ಅಂತರದಿಂದ ಗೆದ್ದಿತು.

ಇಲ್ಲಿ ಅತ್ತರೆ ಪ್ರಯೋಜನವಿಲ್ಲ, ನಿಯಮಕ್ಕೆ ನಿಯಮವೇ ಮದ್ದು ಎಂದು ಪಾಲಕಿಗೆ ಗೊತ್ತಿತ್ತು.

"ಆಗಲಿ ಸಾರ್. ಆದ್ರೆ ಪರಾವಲಂಬಿ ಒಂಟಿಯಾಗಿ ಹೇಗಿರುತ್ತೆ? ಅದರ ಇರುವೆ ಸತ್ತು ಎಷ್ಟೋ ದಿನ ಆಯ್ತು."

ಅವಲಂಬಿಸಲು ಯಾರೂ ಇಲ್ಲದ ಪರಾವಲಂಬಿಯೆಂದರೆ ಗಂಭೀರ ಲೋಪ.

"ಹೊಸ ಇರುವೆ ತಗೊಳ್ಳಿ," ಎಂದರು ಅಧ್ಯಕ್ಷರು.

"ನೇಮಕಾತಿಗೆ ತಡೆ ಇದೆ ಸಾರ್," ಎಂದ ಗುಮಾಸ್ತ.

"ಹಾಗಾದ್ರೆ ಇರೋರಲ್ಲೇ ಯಾರಿಗಾದ್ರೂ ಹೆಚ್ಚುವರಿ ಹೊಣೆ ಕೊಡಿ."

"ಕಾಂಗರೂ ಖಾಲಿ ಇದೆ ಸಾರ್," ಎಂದಳು ಪಾಲಕಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ.

ಆದೇಶ ಹೊರಟಿತು: 'ಮುಂದಿನ ಆದೇಶದವರೆಗೆ ಕಾಂಗರೂ ಪ್ರಭಾರ ಇರುವೆಯಾಗಿ ಹೀಟರ್ ಕೋಣೆಯಲ್ಲಿ ಸದಾ ಹಾಜರಿರತಕ್ಕದ್ದು. ಡಬ್ಬಿಯ ಮುಚ್ಚಳ ತೆರೆಯತಕ್ಕದ್ದಲ್ಲ. ಮರಿಯನ್ನು ಮೊಟ್ಟೆ ಎಂದು ಪರಿಗಣಿಸತಕ್ಕದ್ದು.'

ಅಂದೇ ಬಾಣಂತಿ ಬೆಚ್ಚಗಿನ ಕೋಣೆ ಸೇರಿದಳು. ಚೀಲದೊಳಗೆ ಮರಿ ಹೊರಳಿದ್ದು ಕಂಡು ಪಾಲಕಿಗೆ ಕುಣಿಯುವುದೊಂದೇ ಬಾಕಿ. ಬಾಗಿಲಿಗೆ 'ಇರುವೆ' ಎಂಬ ಫಲಕವೂ ಬಂತು.

ಮರುದಿನ ಗಂಡಹೆಂಡಿರಿಬ್ಬರು ಅದರ ಮುಂದೆ ನಿಂತರು.

"ರೀ, ಇರುವೆ ಇಷ್ಟು ದಪ್ಪ ಇರುತ್ತಾ?"

"ಸರ್ಕಾರಿ ಇರುವೆ ಕಣೇ."

ಹೆಂಡತಿ ಹೌದೆಂದು ತಲೆಯಾಡಿಸಿ, ಎಲ್ಲಿ ಕಚ್ಚೀತೋ ಎಂದು ಕಾಲು ಹಿಂದಕ್ಕೆಳೆದುಕೊಂಡಳು.