ಲ್ಯಾಪ್‌ಟಾಪಿಗೆ ಐಸ್ ಇಟ್ಟ ಪ್ರೇಮಾನಂದ

ತೆಕ್ಕಟ್ಟೆಯ ಬಂಗುಡೆ ಮೀನನ್ನು ಮುಂಬೈ ತಲುಪುವವರೆಗೆ ತಾಜಾ ಇಟ್ಟವನಿಗೆ ಒಂದು ಲ್ಯಾಪ್‌ಟಾಪ್ ಯಾವ ಲೆಕ್ಕ?

ಶನಿವಾರ ಬೆಳಿಗ್ಗೆ ಪ್ರೇಮಾನಂದ ಚಾ ಲೋಟವನ್ನು ಟಣ್ಣೆಂದು ಕೆಳಗಿಟ್ಟು, ಹೆಂಡತಿ ಕುಸುಮಳ ಮುಂದೆ ಎದೆಯುಬ್ಬಿಸಿ ಕೇಳಿದ ಪ್ರಶ್ನೆ ಇದು. ಇಪ್ಪತ್ತೆರಡು ವರ್ಷದಿಂದ ಅವನ ಉದ್ಯೋಗ ಒಂದೇ: ಮೀನಿಗೆ ಐಸ್ ಹಾಕಿ, ಪೆಟ್ಟಿಗೆ ತುಂಬಿ, ಲಾರಿ ಹತ್ತಿಸುವುದು. ತಂಪಿನ ವಿಷಯದಲ್ಲಿ ಸುತ್ತ ಹತ್ತೂರಿಗೆ ತಾನೇ ಸಾರ್ವಭೌಮ ಎಂದು ಅವನ ಗಟ್ಟಿ ನಂಬಿಕೆ!

"ನೀ ಹೆದ್ರ್ಬೇಡ ಹೆಣೆ. ಅದ್ನ ನಾ ತಂಪ್ ಮಾಡ್ತೆ. ಆ ರಿಪೇರಿ ಸುಧೀರನ ಅಂಗ್ಡಿಗೆಲ್ಲ ಹೋಪ್ದ್ ಬ್ಯಾಡ."

"ಮೀನ್ ಬೇರೆ, ಲ್ಯಾಪ್‌ಟಾಪ್ ಬೇರೆ ಹ್ವಾಯ್! ಸೋಮವಾರ ಹನ್ನೊಂದ್ ಗಂಟೆಗೆ ನಂದ್ ಪಾಠ ಇತ್ತ್. ನಡುವಲ್ಲ್ ಅದ್ ಬಂದ್ ಆದ್ರೆ ನನ್ನ್ ಗತಿ ಎಂತ?"

ಕುಸುಮಳ ಹೆದರಿಕೆಗೆ ಕಾರಣವಿತ್ತು. ಮದುವೆಯಾದ ಮೇಲೆ ಹಟ ಹಿಡಿದು ಓದಿ ಬಿ.ಎಡ್. ಮುಗಿಸಿದವಳು ಅವಳು. ಎಂಟು ವರ್ಷದಿಂದ ಅರ್ಜಿ ಹಾಕಿ ಹಾಕಿ ಕೈ ಸೋತಿತ್ತು. ಈಗ ಬ್ರಹ್ಮಾವರದ ಒಂದು ಶಾಲೆಯವರು ಕರೆದಿದ್ದರು. ಶಾಲೆಯ ಯಜಮಾನರಿಗೆ ಮುಂಬೈಯಲ್ಲಿ ಹೋಟೆಲು. ಅವರು ಅಲ್ಲಿಂದಲೇ ಆನ್‌ಲೈನಿನಲ್ಲಿ ನೋಡುತ್ತಾರೆ, ಇವಳು ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಚಿತ್ರಗಳನ್ನು ತೋರಿಸುತ್ತ ಪಾಠ ಮಾಡಬೇಕಾದ್ದರಿಂದ ಮೊಬೈಲ್ ಸಾಲದು. ಪಾಠ ಯಾವುದು ಗೊತ್ತೇ? ಎಂಟನೇ ತರಗತಿಯ 'ಶಾಖ'! ಆದರೆ ಶಾಖದ ಪ್ರಾತ್ಯಕ್ಷಿಕೆಯನ್ನು ಲ್ಯಾಪ್‌ಟಾಪೇ ಕೊಡತೊಡಗಿತ್ತು. ನಾಲ್ಕೈದು ದಿನದಿಂದ ಹೊತ್ತಿಸಿದ ಹತ್ತೇ ನಿಮಿಷಕ್ಕೆ ದೋಸೆ ಕಾವಲಿಯಂತೆ ಕಾದು, ಕಪ್ಪಾಗಿ ಕಣ್ಣು ಮುಚ್ಚುತ್ತಿತ್ತು.

"ಹೋದ್ ವಾರ ಆಯುಧಪೂಜಿಗೆ ಲಾರಿ, ತಕ್ಡಿ, ಮಿಕ್ಸಿ ಎಲ್ಲದ್ಕೂ ಮಾಡ್ದಂಗೆ ಅದ್ಕೂ ಪೂಜಿ ಮಾಡಿದ್ದೆ. ಪೂಜಿ ಆದ್ ಮಿಶನ್ ಕೈ ಕೊಡುದಿಲ್ಲೆ!" ಎಂದು ಪ್ರೇಮಾನಂದ ತೀರ್ಪು ಕೊಟ್ಟ.

ಮೊದಲ ಅಸ್ತ್ರ ಮೊಬೈಲಿನಿಂದ ಬಂತು. ಯಾರೋ ಒಬ್ಬ ಮಹಾಶಯ ವಿಡಿಯೋದಲ್ಲಿ, ಈ ಪ್ರೋಗ್ರಾಮ್ ಹಾಕಿಕೊಂಡರೆ ಒಳಗಿನ ಫ್ಯಾನು ನಿಮ್ಮ ಮುಷ್ಟಿಯಲ್ಲಿ ಎಂದು ಸಾರುತ್ತಿದ್ದ. ಪ್ರೇಮಾನಂದ ಹಾಕಿಯೇ ಹಾಕಿದ. ಪರದೆಯ ಮೇಲೆ ಫ್ಯಾನಿನ ವೇಗ ಕಾಣಿಸಿತು: ಸೊನ್ನೆ.

"ಸೊನ್ನೆ ಅಂತ್ ಬತ್ತಿತ್ತಲೆ?" ಎಂದಳು ಕುಸುಮ.

"ಸೊನ್ನೆ ಅಂದ್ರೆ ಬಿಸಿಯೇ ಇಲ್ಲೆ ಅಂದ್ ಅರ್ಥ!"

"ಅದ್ ಫ್ಯಾನಿನ್ ಲೆಕ್ಕ ಹ್ವಾಯ್, ಬಿಸಿದಲ್ಲ!"

ಮಾತು ಕಿವಿಗೆ ಬೀಳುವ ಮೊದಲೇ ಅವನು ಸೊನ್ನೆಯನ್ನು ನೂರಕ್ಕೆ ಎಳೆದಾಗಿತ್ತು. ಒಳಗೆ ಕಟ್ ಕಟ್ ಕಟ್ ಎಂದಿತು. "ಕಾಣ್, ಮಾತಾಡ್ತ್!" ಎಂದು ಅವನು ಕುಣಿಯುವಷ್ಟರಲ್ಲಿ ಪರದೆ ಕಪ್ಪಾಯಿತು.

ಭಾನುವಾರ ಬ್ರಹ್ಮಾಸ್ತ್ರ. ಥರ್ಮಕೋಲಿನ ಮೀನು ಪೆಟ್ಟಿಗೆಯನ್ನು ಮೂರು ಸಲ ಸೋಪು ಹಾಕಿ ತೊಳೆದು, ಪುಡಿ ಐಸ್ ತುಂಬಿ, ಮುಚ್ಚಳ ಹಾಕಿ, ಅದರ ಮೇಲೆ ಲ್ಯಾಪ್‌ಟಾಪನ್ನು ಪಟ್ಟಾಭಿಷೇಕ ಮಾಡುವಂತೆ ಕೂರಿಸಿದ. ಹತ್ತು ನಿಮಿಷ. ಕಪ್ಪು!

ಕುಸುಮಳಿಗೆ ನಗುವೋ ಸಿಟ್ಟೋ ತಿಳಿಯಲಿಲ್ಲ. "ಅಲ್ಲ ಮಾರಾಯ್ರೇ, ಥರ್ಮಕೋಲ್ ಇಪ್ದೇ ಒಳ್ಗಿನ್ ತಂಪ್ ಹೊರ್ಗ್ ಬಿಡ್ದೇ ಇಪ್ಪುಕೆ ಅಲ್ದಾ? ಇಪ್ಪತ್ತೆರಡ್ ವರ್ಷ ಅದ್ರೊಳ್ಗೇ ಮೀನ್ ತುಂಬ್ಸಿದ್ರಿ!"

ಸಾರ್ವಭೌಮನಿಗೆ ಇದು ಹೊಳೆದಿರಲಿಲ್ಲ. ಆದರೆ ಸೋಲೊಪ್ಪುವ ಜಾತಿ ಅಲ್ಲವಲ್ಲ! ಮುಚ್ಚಳ ಕಿತ್ತೆಸೆದು, ಐಸಿನ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟ. ಈ ಸಲ ಅರ್ಧ ಗಂಟೆ ಓಡಿತು! ಜಯಭೇರಿ ಬಾರಿಸಲು ಅಂಗಳಕ್ಕೆ ಹೋಗಿ ಸ್ನೇಹಿತ ಉಲ್ಲಾಸನಿಗೆ ಫೋನು ಮಾಡಿ, ಮತ್ತರ್ಧ ಗಂಟೆ ತನ್ನ ಪ್ರತಾಪ ಕೊಚ್ಚಿಕೊಂಡ.

ಒಳಗೆ ಬಂದು ನೋಡಿದರೆ ಮೂರು ಬೆಕ್ಕು! ಲ್ಯಾಪ್‌ಟಾಪ್ ಬಿಸಿಯಾದಂತೆ ಪೆಟ್ಟಿಗೆಯಿಂದ ಇಪ್ಪತ್ತೆರಡು ವರ್ಷದ ಬಂಗುಡೆಯ ವಾಸನೆ ಎದ್ದು, ಕೇರಿಯ ಬೆಕ್ಕುಗಳಿಗೆಲ್ಲ ಕರೆಯೋಲೆ ಹೋಗಿತ್ತು. ಒಂದು ಬೆಕ್ಕು ಕೀಲಿಮಣೆಯ ಮೇಲೆಯೇ ಪವಡಿಸಿತ್ತು. ಐಸ್ ಕರಗಿ, ಪ್ಲಾಸ್ಟಿಕ್ ಜಗ್ಗಿ, ಲ್ಯಾಪ್‌ಟಾಪಿನ ಒಂದು ಮೂಲೆ ನೀರು ಮುಟ್ಟಿತ್ತು.

"ಅಯ್ಯೋ, ಮುಳ್ಗ್ತ್!" ಎಂದು ಕುಸುಮ ಅಡುಗೆ ಕೋಣೆಯಿಂದ ಓಡಿ ಬಂದಳು. ಪ್ರೇಮಾನಂದ ಅದನ್ನೆತ್ತಿ, ನೀರು ಬಸಿಯಲು ಮೀನು ಹಿಡಿದಂತೆ ತಲೆಕೆಳಗು ಹಿಡಿದ.

ಕುಸುಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೋಡೆಗೊರಗಿ ಕೂತು, "ಎಂಟ್ ವರ್ಷ ಆಯ್ತ್. ಇದೊಂದ್ ಹೋದ್ರೆ ನನ್ನ ಇನ್ಯಾರೂ ಕರೂದಿಲ್ಲೆ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪ್ರೇಮಾನಂದ ಆ ದಿನವೆಲ್ಲ ಲ್ಯಾಪ್‌ಟಾಪನ್ನು ಮೇಜಿನ ಫ್ಯಾನಿನ ಮುಂದಿಟ್ಟು, ಪಕ್ಕದಲ್ಲೇ ಕಾವಲು ಕೂತ. ಸಂಜೆ ಮೆಲ್ಲನೆ, "ನಾಳೆ ಬೆಳಿಗ್ಗೆ ಸುಧೀರನಲ್ಲಿಗ್ ಹೋಪ," ಎಂದ.

ಸೋಮವಾರ ಹತ್ತಕ್ಕೆ ಕುಂದಾಪುರದಲ್ಲಿ ಸುಧೀರ ಅಂಗಡಿಯ ಬಾಗಿಲು ತೆಗೆಯುವಾಗ ಗಂಡ ಹೆಂಡತಿ ಮೆಟ್ಟಿಲ ಮೇಲೆ ಹಾಜರು. ಕುಸುಮಳ ಮಡಿಲಲ್ಲಿ ಟವೆಲು ಸುತ್ತಿದ ಲ್ಯಾಪ್‌ಟಾಪು.

ಸುಧೀರ ಮೂಗರಳಿಸಿದ. "ಪ್ರೇಮಣ್ಣ, ಇದ್ರ್ ಒಳ್ಗೆ ಬಂಗ್ಡಿ ಮೀನ್ ಇತ್ತಾ ಎಂತದಾ?"

"ಅದ್ ದೊಡ್ಡ್ ಕಥಿ. ನೀನ್ ಬಿಚ್ಚ್ ಬೇಗ!"

ಸುಧೀರ ತಿರುಪು ಬಿಚ್ಚಿ, ಹಿಂಬದಿ ತೆರೆದ. ನೀರು ಒಳಗೆ ಇಳಿದಿರಲಿಲ್ಲ, ಪುಣ್ಯ! ಟಾರ್ಚು ಬಿಟ್ಟು ಫ್ಯಾನು ನೋಡಿದವನು ಹುಬ್ಬೇರಿಸಿದ. ಚಿಮಟಿಗೆಯಲ್ಲಿ ಮೆಲ್ಲಗೆ ಒಂದು ಕಡ್ಡಿ ಎಳೆದ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಕೆಂಪು ಬಣ್ಣದ ಮೂರು ತುಂಡು ಕಡ್ಡಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟ.

"ಇದ್ ಊದ್ಬತ್ತಿ ಅಲ್ದಾ ಪ್ರೇಮಣ್ಣ? ಫ್ಯಾನ್ ತಿರ್ಗುದ್ ಹ್ಯಾಂಗೆ?"

ಪ್ರೇಮಾನಂದ ತಲೆಯೆತ್ತಿ ಅಂಗಡಿಯ ಮಾಡು ನೋಡತೊಡಗಿದ.

"ಹ್ವಾಯ್," ಎಂದಳು ಕುಸುಮ. ಆ ಒಂದು 'ಹ್ವಾಯ್'ನಲ್ಲಿ ಪೊಲೀಸು, ವಕೀಲ, ನ್ಯಾಯಾಧೀಶ ಎಲ್ಲರೂ ಇದ್ದರು!

"ಅದ್... ಪೂಜಿ ದಿನ ಊದ್ಬತ್ತಿ ಸಿಕ್ಸುಕೆ ಬಾಳೆಹಣ್ಣ್ ಸಾಕಾಯ್ಲಿಲ್ಲೆ. ಲಾರಿಗೆ, ಮಿಕ್ಸಿಗೆ ಖರ್ಚಾಯ್ತ್. ಇದ್ರ್ ಬದಿಯಲ್ಲ್ ಕಾಣ್ತೆ, ಸಮಾ ಅಳ್ತೆ ತೂತ್ ಇತ್ತ್! ಕಂಪ್ನಿಯವ್ರೇ ಊದ್ಬತ್ತಿಗ್ ಅಂದೇಳಿ ಇಟ್ಟದ್ ಅಂದ್ಕಂಡೆ."

"ಮತ್ತೆ ತುಂಡ್ ಒಳ್ಗೇ ಉಳ್ದದ್ದ್?"

"ಎಳೂವಾಗ ಮುರೀತ್. ಚಂದ ಕಾಣುದಿಲ್ಲೆ ಅಂದ್... ಬೆರ್ಳಂಗೆ ಒಳ್ಗ್ ದೂಡ್ದೆ."

ಸುಧೀರ ನಕ್ಕ ಅಬ್ಬರಕ್ಕೆ ಪಕ್ಕದ ಚಪ್ಪಲಿ ಅಂಗಡಿಯವನು ಇಣುಕಿ ಹೋದ. ನಗುತ್ತಲೇ ಒಳಗಿನ ಬೂದಿ, ಕುಂಕುಮ ಎಲ್ಲ ಊದಿ ತೆಗೆದ. ಫ್ಯಾನು ಬರ್ರ್ ಎಂದು ತಿರುಗಿತು. ತಾಜಾ ಮೀನಿನ ಕಣ್ಣಿನಂತೆ ಪರದೆ ಫಳಫಳ ಹೊಳೆಯಿತು. ಆದರೆ ಗಂಟೆ ಹತ್ತು ಐವತ್ತು! ಮನೆ ಮುಟ್ಟಲು ಹೊತ್ತಿಲ್ಲ. ಸುಧೀರ ತನ್ನ ಮೇಜನ್ನೇ ಖಾಲಿ ಮಾಡಿಕೊಟ್ಟ.

ಹನ್ನೊಂದಕ್ಕೆ ಪರದೆಯ ಮೇಲೆ ಯಜಮಾನರು ಬಂದರು. ಮೂಲ ವಂಡ್ಸೆಯವರು, ಬಿಗಿದ ಮುಖ. ಮೊದಲೆರಡು ಮಾತಿಗೆ ಕುಸುಮಳ ಸ್ವರ ನಡುಗಿತು. ಆಗ ಅವಳ ಕಣ್ಣು ಮೇಜಿನ ಮೇಲಿದ್ದ ಮೂರು ಕಡ್ಡಿಗಳ ಮೇಲೆ ಬಿತ್ತು. ಒಂದನ್ನೆತ್ತಿ ಹಿಡಿದಳು.

"ಮಕ್ಕಳೇ, ಈ ಪುಟ್ಟ ಕಡ್ಡಿ ಒಂದು ಲ್ಯಾಪ್‌ಟಾಪನ್ನು ಹೇಗೆ ಉಸಿರುಗಟ್ಟಿಸಿತು ಗೊತ್ತೇ?"

ಅಲ್ಲಿಂದ ಪಾಠ ಹೊಳೆಯಂತೆ ಹರಿಯಿತು. ಬಿಸಿ ಗಾಳಿ ಹೊರಹೋಗುವ ದಾರಿ, ಥರ್ಮಕೋಲಿನ ಗುಣ, ಐಸ್ ಕರಗುವ ಬಗೆ, ಎಲ್ಲ ಬಂತು, ಬೆಕ್ಕೂ ಬಂತು! ಯಜಮಾನರ ಬಿಗಿದ ಮುಖ ಸಡಿಲವಾಗಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಟೀಚರೇ, ಆ ಊದ್ಬತ್ತಿ ಸಿಕ್ಸದ್ ಯಾರ್?"

"ನಮ್ಮನಿಯವ್ರ್ ಸರ್," ಎಂದಳು ಕುಸುಮ. ಪ್ರೇಮಾನಂದ ಮೆಲ್ಲನೆ ಕುರ್ಚಿಯ ಹಿಂದೆ ಬಗ್ಗಿದ.

"ನೀವ್ ಬಪ್ಪ ಸೋಮವಾರದಿಂದ್ಲೇ ಶಾಲಿಗ್ ಬನ್ನಿ!"

ಕುಸುಮ ಅಳುತ್ತಲೇ ನಗುತ್ತಿದ್ದಳು. ಅಬ್ಬ, ಬದುಕಿದೆ ಎಂದುಕೊಂಡು ಪ್ರೇಮಾನಂದ ಎಲ್ಲರಿಗೂ ಚಾ ತರಲು ಓಡಿದ. ಊದುಬತ್ತಿಯ ವಿಷಯ ಈ ಅಂಗಡಿಯಲ್ಲೇ ಮುಗಿಯಿತಲ್ಲ ಎಂಬ ಸಮಾಧಾನವೂ ಇತ್ತು.

ಮುಂದಿನ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುಸುಮಳನ್ನು ಸ್ಕೂಟರಿನಲ್ಲಿ ಶಾಲೆಯ ಗೇಟಿಗೆ ತಂದಿಳಿಸಿದ. ಅಟೆಂಡರ್ ರತ್ನಾಕರ ಓಡಿ ಬಂದು ಅವಳಿಗೆ ನಮಸ್ಕಾರ ಮಾಡಿ, ಇವನತ್ತ ತಿರುಗಿ ಬಾಯಿ ತುಂಬ ನಕ್ಕ.

"ಓ, ಊದ್ಬತ್ತಿ ಸಾರ್ ಅಲ್ದಾ! ಬನ್ನಿ ಬನ್ನಿ, ಚಾ ಕುಡ್ಕಂಡ್ ಹೋಯ್ಲಕ್. ಕಂಪ್ಯೂಟರ್ ರೂಮ್ ಬದಿಗ್ ಮಾತ್ರ ಬಪ್ದ್ ಬ್ಯಾಡ!"