ತಕ್ಕಮಟ್ಟಿಗೆ ಅನುಕೂಲಸ್ಥರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಂದವರು ಐದು ಮಂದಿ ಎನ್ನುತ್ತದೆ ನನ್ನ ದಿನಚರಿ, ಏಳು ಎನ್ನುತ್ತಾಳೆ ದೊಡ್ಡಮ್ಮ. ಶಿರಾ ಮಾಡಿದವಳು ಅವಳಾದ್ದರಿಂದ ಅವಳ ಮಾತೇ ಸರಿ ಇರಬೇಕು. ನನ್ನ ನೆನಪಿಗಂತೂ ಒಂದು ಚಾಳಿ ಇದೆ. ಅದು ಎಲ್ಲವನ್ನೂ ನನಗೆ ಅನುಕೂಲವಾಗುವ ಹಾಗೆಯೇ ಇಟ್ಟುಕೊಳ್ಳುತ್ತದೆ.

ನಮ್ಮ ಕಡೆ 'ಶ್ರೀಮಂತರು' ಎಂದರೆ ಯಾವಾಗಲೂ ಪಕ್ಕದ ಮನೆಯವರು. ಸ್ವಂತದ್ದಕ್ಕೆ ಬೇರೆ ಶಬ್ದಗಳಿವೆ. ಗದ್ದೆ, ಅಂಗಡಿ, ಎರಡು ಸಂಬಳ ಇದ್ದವರು 'ಉಂಡುಟ್ಟು ಇದ್ದೇವೆ' ಎನ್ನುತ್ತಾರೆ. ಅದರ ಮೇಲೆ ಮಹಡಿಯೂ ಎದ್ದರೆ 'ಅಡ್ಡಿಲ್ಲ'. ಹೊನ್ನಾವರದ ನನ್ನ ದೊಡ್ಡಮ್ಮನ ಮಗಳು ಸವಿತಾಳಿಗೆ ಭಟ್ಕಳದಿಂದ ಸಂಬಂಧ ಬಂದಾಗ, ನಡುವಿನವರು ಹುಡುಗನ ಮನೆಯಲ್ಲಿ ಹೇಳಿಟ್ಟ ಶಬ್ದ 'ತಕ್ಕಮಟ್ಟಿಗೆ ಅನುಕೂಲಸ್ಥರು'. ಸವಿತಾ ಆ ಹುಡುಗನನ್ನು ಆಗಲೇ ಮೆಚ್ಚಿಯಾಗಿತ್ತು. ಇದು ತಪ್ಪಿದರೆ ಬೇರೆ ಯಾರ ಮುಂದೆಯೂ ಚಾ ಹಿಡಿದು ನಿಲ್ಲುವುದಿಲ್ಲ ಎಂದಿದ್ದಳು. ಆದ್ದರಿಂದ ಮನೆ ಆ ಶಬ್ದಕ್ಕೆ ಸರಿಯಾಗಿ ಕಾಣಬೇಕಿತ್ತು. ಹೆಚ್ಚು ಕಂಡರೆ ವರದಕ್ಷಿಣೆಗೆ ಅವರ ಬಾಯಿ ದೊಡ್ಡದಾದೀತು, ಕಡಿಮೆ ಕಂಡರೆ ಚಾ ಕುಡಿದು ಎದ್ದಾರು.

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳೆಂದು ಕುಮಟಾದಿಂದ ನನ್ನನ್ನು ಕರೆಸಿದರು. ನಾನು ಹೋದದ್ದೇ, "ದೊಡ್ಡಮ್ಮ, ನಾವು ಸವಲತ್ತುಳ್ಳ ವರ್ಗ. ಅದನ್ನು ಒಪ್ಪಿಕೊಳ್ಳಬೇಕು" ಎಂದು ಶುರುಮಾಡಿದೆ.

"ಸವಲತ್ತು ರೇಷನ್ ಕಾರ್ಡಿನವರಿಗಲ್ಲವೇನೇ? ಅದೆಲ್ಲ ಬಿಡು. ಅನುಕೂಲಸ್ಥರ ಮನೇಲಿ ಫ್ರಿಜ್ಜಿಗೆ ಎಷ್ಟು ಬಾಗಿಲು, ಅದನ್ನ ಹೇಳು" ಎಂದಳು ದೊಡ್ಡಮ್ಮ.

ನನ್ನ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿಸಿರಲಿಲ್ಲ. ಒಂದು ಬಾಗಿಲು ಎಂದೆ. ಎರಡು ಬಾಗಿಲಿನ ಫ್ರಿಜ್ಜು ಕೊಟ್ಟಿಗೆಗೆ ಹೋಯಿತು. ಅಷ್ಟರಲ್ಲಿ ದೊಡ್ಡಪ್ಪ ಮನೆಯ ಬೆಂಚು ತೀರಾ ಬಡವಾಯಿತೆಂದು ಪಕ್ಕದ ಮನೆಯ ಸೋಫಾ ಹೊರಿಸಿಕೊಂಡು ಬಂದರು. ಉಳಿದದ್ದು ಗೋಡೆಯ ಮೇಲಿನ ಏಸಿ. ಅದನ್ನು ಕೊಟ್ಟಿಗೆಗೆ ಕಳಿಸುವಂತಿರಲಿಲ್ಲ. ದೊಡ್ಡಮ್ಮ ಅದಕ್ಕೆ ದೊಡ್ಡಪ್ಪನ ನಿವೃತ್ತಿಯ ದಿನ ಹೊದಿಸಿದ್ದ ಜರಿ ಶಾಲು ಹೊದಿಸಿದಳು.

ಅವರು ರಿಕ್ಷಾದಲ್ಲಿ ಬಂದರು. ಹುಡುಗನ ತಂದೆ ಬೆವರು ಒರೆಸುತ್ತ ತಲೆಯೆತ್ತಿ, "ಅದೆಂತ?" ಎಂದರು.

ಎಲ್ಲರೂ ಎಂ.ಎ. ಮಾಡಿದವಳನ್ನು ನೋಡಿದರು. "ದೇವರು" ಎಂದೆ.

ಅವರು ಕೈಮುಗಿದರು. ಹುಡುಗನ ತಾಯಿ ಒಂದು ಕ್ಷಣ ಶಾಲನ್ನೇ ನೋಡಿ, ಮುಡಿಯಿಂದ ಒಂದು ಅಬ್ಬಲಿಗೆ ಹೂ ತೆಗೆದು ಮಗನ ಕೈಗಿತ್ತರು. "ಒಳ್ಳೇದೇ ಆತು. ಪ್ರಸಾದ ಇಲ್ಲೇ ಕೇಳುವ. ಬಲಕ್ಕೆ ಬಿದ್ದರೆ ಸಂಬಂಧ ಆತು, ಎಡಕ್ಕೆ ಬಿದ್ದರೆ ಇಲ್ಲ." ದೇವರ ಮೈಮೇಲೆ ಹೂವಿಟ್ಟು ಅಪ್ಪಣೆ ಕೇಳುವುದು ನಮ್ಮಲ್ಲಿ ಇದ್ದದ್ದೇ. ಏಸಿಯ ಹತ್ತಿರ ಯಾರೂ ಕೇಳಿರಲಿಲ್ಲ, ಅಷ್ಟೇ. ಉದ್ದಕ್ಕಿದ್ದ ಹುಡುಗ ಕೈಯೆತ್ತಿ ಶಾಲಿನ ಮಡಿಕೆಯಲ್ಲಿ ಹೂ ಸಿಕ್ಕಿಸಿದ. ಬಾಗಿಲ ಸಂದಿಯಲ್ಲಿ ಸವಿತಾಳ ಮುಖ ಸುಣ್ಣವಾಗಿತ್ತು. ತನ್ನ ಬದುಕು ಒಂದೂವರೆ ಟನ್ನಿನ ಯಂತ್ರದ ಮರ್ಜಿಗೆ ಬಿದ್ದದ್ದು ಅವಳೊಬ್ಬಳಿಗೆ ತಮಾಷೆಯಾಗಿರಲಿಲ್ಲ.

ಹೂ ಬೀಳಲಿಲ್ಲ. ನಾವು ಕಾದೆವು. ಹುಡುಗನ ತಂದೆಗೆ ನಿಂತು ಸಾಕಾಯಿತು, ಸೋಫಾದ ಮೇಲೆ ಧೊಪ್ಪನೆ ಕುಳಿತರು. ರಿಮೋಟು ಅವರ ಕೆಳಗಿತ್ತು. ದೇವರು 'ಟೀಂ' ಎಂದ. ಶಾಲು ಪಟಪಟ ಹಾರಿತು, ಹೂ ಗಿರಗಿರ ತಿರುಗಿ ಬಲಕ್ಕೇ ಬಿತ್ತು.

"ಆತಲ್ಲ!" ಎಂದರು ಹುಡುಗನ ತಾಯಿ, ತಣ್ಣನೆ ಗಾಳಿಗೆ ಮುಖವೊಡ್ಡಿ. "ನಮ್ಮನೇಲೂ ಇದೇ ದೇವರು, ಅಕ್ಕಾ. ನಡುವಿನವರು ನಿಮ್ಮ ಹತ್ತಿರ ನಮ್ಮ ಬಗ್ಗೆಯೂ ತಕ್ಕಮಟ್ಟಿಗೆ ಅಂತಲೇ ಹೇಳಿದ್ದಲ್ಲವಾ? ಅದಕ್ಕೇ ಕಾರು ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಬಂದದ್ದು. ಬಿಸಿಲಲ್ಲಿ ಸುಡ್ತಾ ಇರ್ತದೆ, ಯಾರಾದ್ರೂ ಹೋಗಿ ತನ್ನಿ ಮಾರಾಯ್ರೇ."

ಅವರು ಹೋದ ಮೇಲೆ ಸವಿತಾ ಕೊಟ್ಟಿಗೆಯ ಫ್ರಿಜ್ಜನ್ನು ಅಪ್ಪಿಕೊಂಡು ಕುಣಿದಳು. ನಾನು ನಕ್ಕು ನಕ್ಕು ಸುಸ್ತಾಗಿ ಸೋಫಾದಲ್ಲಿ ಒರಗಿದ್ದಾಗ ಒಂದು ವಿಷಯ ಹೊಳೆದು ನಗು ನಿಂತಿತು. ನಾನು ಬೆಳೆದದ್ದು ಬಹಳ ಸರಳ ಮನೆಯಲ್ಲಿ ಎಂದು ಗಂಡನ ಎದುರು, ತರಗತಿಯಲ್ಲಿ, ಭಾಷಣಗಳಲ್ಲಿ ಹೇಳುತ್ತ ಬಂದವಳು ನಾನು. ಗಂಡಿನ ಕಡೆಯವರು ನನ್ನ ನೋಡಲು ಬಂದ ದಿನ ನಮ್ಮ ಜಗಲಿಯಲ್ಲಿ ಒಂದು ಚಾಪೆ ಬಿಟ್ಟು ಬೇರೇನೂ ಇರಲಿಲ್ಲವೆಂಬುದು ನನಗೆ ಚೆನ್ನಾಗಿ ನೆನಪಿದೆ. ಆ ದಿನ ಬೆಳಿಗ್ಗೆಯೇ ಬಂದು ಜಗಲಿ ಸಜ್ಜು ಮಾಡಿದವಳು ಇದೇ ದೊಡ್ಡಮ್ಮ ಎಂಬುದೂ ನೆನಪಿದೆ.

ಅವಳು ಶಾಲು ಮಡಚುತ್ತಿದ್ದಳು. ಕೇಳಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು. ಈಗ ಫೋನಿನಲ್ಲಿ ಕೇಳಿದರೆ, ಹಲೋ, ಕೇಳ್ತಾ ಇಲ್ಲ ಎನ್ನುತ್ತಾಳೆ. ನಾನು ಕೇಳಿದ್ದು ಇಷ್ಟೇ: "ದೊಡ್ಡಮ್ಮ, ನನ್ನ ನೋಡಲು ಬಂದ ದಿನ ನಮ್ಮನೆ ಕೊಟ್ಟಿಗೆಯಲ್ಲಿ ಏನೇನಿತ್ತು?"