ಮಾವನ ಗೋಲಿ ಸೋಡಾ ಮೆಷಿನ್

ತಡೆಯಿರಿ, ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ನಮ್ಮ ಮಾವನ ಈ ಕಥೆ ಕೇಳಿ. ರಿಪೇರಿ ಮಾಡಿ ಮಾಡಿ ವಸ್ತುಗಳನ್ನು ಹಾಳುಮಾಡುವುದರಲ್ಲಿ ಇವರಷ್ಟು ಶ್ರದ್ಧಾವಂತರು ಇಡೀ ಮಂಗಳೂರಿನಲ್ಲಿಲ್ಲ! ಇವರು ಬಿಚ್ಚಿ ಜೋಡಿಸಿದ ಮೇಲೆ ಮನೆಯ ಮಿಕ್ಸಿ ಅಡುಗೆಕಟ್ಟೆಯ ಮೇಲೆ ನಡೆಯಲು ಕಲಿತಿದೆ. ಅತ್ತೆ ಅದನ್ನು ಕಿಟಕಿಯ ಸರಳಿಗೆ ಕಟ್ಟಿ ಚಟ್ನಿ ಅರೆಯುತ್ತಾರೆ, ಹಾಲು ಕರೆಯುವಾಗ ಹಸುವನ್ನು ಕಟ್ಟಿದ ಹಾಗೆ.

ಅಂಥ ಮಾವನಿಗೆ ಕಳೆದ ವರ್ಷ ಹೊಸ ಹುಚ್ಚು ಹಿಡಿಯಿತು. ತಮ್ಮ ಅಪ್ಪನ, ಅಂದರೆ ನನ್ನ ಅಜ್ಜನ, ಗೋಲಿ ಸೋಡಾ ಮೆಷಿನನ್ನು ಕೈಯಾರೆ ಮತ್ತೆ ಕಟ್ಟುವುದು! ಜೆಪ್ಪುವಿನಲ್ಲಿ ಅಜ್ಜನಿಗೆ ಸೋಡಾ ಅಂಗಡಿ ಇತ್ತು. ಬಾಟ್ಲಿಯನ್ನು ಪಂಜರದಲ್ಲಿಟ್ಟು, ಗ್ಯಾಸ್ ಬಿಟ್ಟು, ಹಿಡಿಯನ್ನು ಗರಗರ ತಿರುಗಿಸಿದರೆ ಗೋಲಿ ಬಂದು ಬಾಟ್ಲಿಯ ಬಾಯಿ ಮುಚ್ಚುತ್ತಿತ್ತು. ಅಂಗಡಿ ಮುಚ್ಚಿದಾಗ ಮೆಷಿನ್ ಗುಜರಿಗೆ ಹೋಯಿತು, ಆಮೇಲೆ ಅಜ್ಜನೂ ಹೋದರು.

"ಅಮ್ಮ ನೋಡಿ 'ಇದು ಅವರದ್ದೇ' ಅಂತ ಒಂದು ಮಾತು ಹೇಳ್ಬೇಕು ಮಾರಾಯ, ನನಗೆ ಅಷ್ಟೇ ಸಾಕು," ಎಂದರು ಮಾವ. ನಾನೋ ಮೊಬೈಲಿನಲ್ಲಿ ವೀಡಿಯೊ ನೋಡಿ ವೆಲ್ಡಿಂಗ್ ಕಲಿತವನು. ಕೇಳಬೇಕೇ, ಸೇರಿಕೊಂಡೆ!

ಕೊಟ್ಟಾರದ ಆಫೀಸಿನಿಂದ ಬರುವಾಗ ಮಾವ ದಿನಾ ಏನಾದರೊಂದು ಕಬ್ಬಿಣ ಹೊತ್ತು ತರುತ್ತಿದ್ದರು. ಸೈಕಲ್ ಚಕ್ರ, ಹಳೆಯ ಗೇಟಿನ ಸರಳು... ಯಾರ ಗೇಟೋ, ದೇವರಿಗೇ ಗೊತ್ತು! ಅಜ್ಜಿಗೆ ಸರ್‌ಪ್ರೈಸ್ ಆಗಬೇಕೆಂದು ಎಲ್ಲವನ್ನೂ ಬೆಡ್‌ಶೀಟಿನಡಿ ಮುಚ್ಚಿಟ್ಟಿದ್ದರು. ಮೊದಲ ಬಾಟ್ಲಿ ಢಂ ಎಂದು ಒಡೆದಾಗ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಎಂತ ಮಾರಾಯ್ರೆ, ಪಟಾಕಿಯಾ?"

"ಅಲ್ಲ, ಸೋಡಾ," ಎಂದರು ಹೆಲ್ಮೆಟ್ ಹಾಕಿಕೊಂಡಿದ್ದ ಮಾವ.

"ಕುಡಿಯುವುದಾ, ಬಿಸಾಡುವುದಾ?"

ಒಳಗಿನಿಂದ ಅಜ್ಜಿ, "ನನಗೆ ಎಂತದೂ ಕೇಳ್ಲಿಲ್ಲಪ್ಪ!" ಎಂದು ಕೂಗಿದರು. ಸರ್‌ಪ್ರೈಸ್ ಅಂದರೆ ಇದು!

ಕೊನೆಗೊಂದು ಭಾನುವಾರ ಬೆಡ್‌ಶೀಟ್ ಸರಿಯಿತು. ಅಜ್ಜಿ ಮೆಷಿನಿಗೆ ಒಂದು ಸುತ್ತು ಬಂದು, ಮುಟ್ಟಿ ನೋಡಿದರು.

"ಚಂದ ಉಂಟು ಮಗಾ. ಆದ್ರೆ ಇದು ಅವರದ್ದಲ್ಲ."

ಮಾವನ ಮುಖ ಗ್ಯಾಸ್ ಹೋದ ಸೋಡಾದಂತಾಯಿತು. "ಎಂತ ತಪ್ಪಾಯ್ತಮ್ಮ?"

"ಹಿಡಿ ಬಲಗಡೆ ಇಟ್ಟಿದ್ದೀ. ಅವರದ್ದು ಎಡಗಡೆ ಇತ್ತು."

"ಎಲ್ಲ ಮೆಷಿನಿಗೂ ಬಲಗಡೆಯೇ ಅಮ್ಮ! ಬಂದರಿನ ಹಳೇ ಸೋಡಾದವರನ್ನೆಲ್ಲ ಕೇಳಿದ್ದೇನೆ."

"ನನ್ನನ್ನು ಕೇಳಿದ್ಯಾ?"

ಮಾವ ಬೆಡ್‌ಶೀಟನ್ನು ಮಡಚತೊಡಗಿದರು.

"ಎಡಗಡೆ ನಾನು ಕೂತು ಬಾಟ್ಲಿ ತೊಳಿತಿದ್ದೆ. ಒಡೆದ್ರೆ ಗಾಜು ನನಗೆ ಬಡಿಯಬಾರದು ಅಂತ ಹಿಡಿಯನ್ನೂ ಎಡಗಡೆಗೇ ಹಾಕಿಸಿದ್ರು. ಮೆಷಿನಿಗೂ ನನಗೂ ನಡುವಲ್ಲಿ ಅವರು ನಿಲ್ತಿದ್ರು."

ಮಾವ ಸ್ಪ್ಯಾನರ್ ಎತ್ತಿಕೊಂಡರು. ಸಂಜೆಯೊಳಗೆ ಹಿಡಿ ಎಡಕ್ಕೆ ಬಂತು. ಅಜ್ಜಿ ತಾವೇ ಕುರ್ಚಿ ಎಳೆದುಕೊಂಡು ಆ ಬದಿಗೆ ಕೂತರು. ಮಾವ ನಡುವೆ ನಿಂತು ತಿರುಗಿಸಿದರು. ಗೋಲಿ ಟಪ್ಪೆಂದು ಕೂತಿತು. ಅಜ್ಜಿ ಒಂದು ಗುಟುಕು ಕುಡಿದರು.

"ಗ್ಯಾಸ್ ಸಾಲದು," ಎಂದರು. ಆಮೇಲೆ ಮೆಲ್ಲಗೆ, "ಅವರದ್ದೂ ಮೊದಲ ಬಾಟ್ಲಿ ಹೀಗೇ ಇರ್ತಿತ್ತು."

ಆಗ ನೋಡಿದೆ, ಮಾವನ ಅಂಗಿಯ ತುದಿ ಅಜ್ಜಿಯ ಮುಷ್ಟಿಯಲ್ಲಿತ್ತು.

ನಿಮ್ಮ ಮನೆಯಿಂದಲೂ ಗುಜರಿಗೆ ಹೋದ ಯಂತ್ರವೊಂದು ಇರಬೇಕಲ್ಲ? ಅದರ ಹಿಡಿ ಯಾವ ಕಡೆ ಇತ್ತು, ಯಾಕೆ ಇತ್ತು, ಮನೆಯ ಹಿರಿಯರನ್ನು ಕೇಳಿ ನನಗೂ ಬರೆದು ತಿಳಿಸಿ.